ಸೊಂಟಪಟ್ಟಿಯ ಅಳತೆ

ಅಮೆರಿಕದ ಡುಲೂತ್ ಊರಿನ ಚರ್ಚಿನ ನೆಲಮಾಳಿಗೆಯಲ್ಲಿ, ಮಗು ಹೊರುವ ಚೀಲಗಳನ್ನು ತಿಂಗಳ ಮಟ್ಟಿಗೆ ಎರವಲು ಕೊಡುತ್ತಾರೆ. ತನ್ನದನ್ನು ಹಿಂದಿರುಗಿಸಲು ಸಾಲಿನಲ್ಲಿ ನಿಂತಿದ್ದ ಲವಿನಾಳ ಕಿವಿ ಮುಂದಿದ್ದ ಗಂಡ ಹೆಂಡತಿಯ ಕಡೆಗಿತ್ತು. ಗಂಡನ ಬೆನ್ನ ಮೇಲೆ ಎರಡು ವರ್ಷದ ಮಗ.

“ಹೆಗಲು ಕೊಯ್ಯುತ್ತಾ, ಕರ್ಟ್?”

“ಇಲ್ಲ ಕಣೇ. ಈಗ ಹಾಕಿ ನೋಡಿದ ಮೂರು ಚೀಲಕ್ಕಿಂತ ಇದೇ ವಾಸಿ. ಭಾರವೆಲ್ಲ ಸೊಂಟಕ್ಕೆ ಇಳಿಯುತ್ತೆ.”

“ಅವನ ಕಾಲು?”

“ಮಂಡಿವರೆಗೂ ಬಟ್ಟೆ ಇದೆ, ಜೋತಾಡಲ್ಲ.”

“ಇಡೀ ದಿನ ಹೊರಬಹುದಾ?”

“ಆರಾಮಾಗಿ! ನೀನೇ ಸುಮ್ನೆ ಬೆನ್ನುನೋವು ಅಂತ ಗೋಳಾಡ್ತೀಯ.”

“ಹಾಗಾದ್ರೆ ಇದೇ ಇರಲಿ. ನಿನ್ನ ಹೆಸರಲ್ಲೇ ಬರೆಸಿದೀನಿ.”

“ನನ್ನ ಹೆಸರಲ್ಲಾ? ಹೊರೋಳು ನೀನಲ್ವಾ?”

“ಸೊಂಟಪಟ್ಟಿ ನಿನ್ನ ಹೊಟ್ಟೆಗೆ ಹೊಂದಿಸಿ ಆಯ್ತಲ್ಲ. ನನ್ನ ಸೊಂಟದ ಮೇಲೆ ಇನ್ನು ಅದು ನಿಲ್ಲುತ್ತಾ?”

ಮಗ ಅಪ್ಪನ ಎರಡೂ ಕಿವಿ ಹಿಡಿದು, “ನಡಿ!” ಅಂದ. ಕರ್ಟ್ ನಡೆದ. ಹೆಂಡತಿ ಕೈಬೀಸಿಕೊಂಡು ಹಿಂದೆ ಹೊರಟಳು.