ಹೊಸ ಡ್ರಮ್ಮರ್ ಬಂದ ಮೇಲಿನ ಆಲ್ಬಮ್

ಕಿವಿ ಡಾಕ್ಟರರ ಕೋಣೆಯ ಮುಂದಿನ ಬೆಂಚಿನಲ್ಲಿ ಲೈಬ್ರರಿಯಲ್ಲಿ ಕೆಲಸ ಮಾಡುವ ಹುಡುಗಿಯೊಬ್ಬಳು ತನ್ನ ಸರದಿಗೆ ಕಾಯುತ್ತಿದ್ದಳು. ಪಕ್ಕದಲ್ಲಿ ಇಬ್ಬರು ಗಂಡಸರು. ಹಿರಿಯವನಿಗೆ ಕಿವಿ ಮಂದ, ಹಾಗಾಗಿ ಅವನು ಗುಟ್ಟು ಹೇಳಿದರೂ ಡಂಗುರ ಸಾರಿದಂತಿತ್ತು.

"ಹದಿನೆಂಟು ವರ್ಷ ನೀನು ಡ್ರಮ್ಸ್ ಬಾರಿಸಿದ ಬ್ಯಾಂಡು, ಅಣ್ಣ. ನೀನು ಹೂಂ ಅನ್ನದೆ ಆಲ್ಬಮ್ ಹೊರಗೆ ಬಿಡಲ್ಲ. ಕೇಳಿದ್ಯಾ?" ಎಂದ ಕಿರಿಯವನು.

"ಮೂರು ಸಲ. ಸ್ಪೀಕರ್ ಮೇಲೆ ಅಂಗೈ ಇಟ್ಕೊಂಡು."

"ನಿನ್ನ ಜಾಗಕ್ಕೆ ಬಂದವಳು ಹೇಗೆ?"

"ಗಟ್ಟಿಗಿತ್ತಿ ಕಣೋ. ಆದ್ರೆ ಆ ಹಳೇ ಹಾಡನ್ನ ಮತ್ತೆ ಮಾಡಿದ್ದೀರಲ್ಲ, ಅದರಲ್ಲಿ ಪಲ್ಲವಿ ಬರ್ತಿದ್ದ ಹಾಗೆ ಯಾಕೆ ಲಯ ಬಿಟ್ಟು ಮುಂದೆ ಓಡ್ತಾಳೆ?"

ಕಿರಿಯವನು ತಲೆ ಕೆರೆದುಕೊಂಡ.

"ಅದು ನಿನ್ನ ಓಟ. ಅವಳು ಸರಿಯಾಗೇ ಬಾರಿಸಿದ್ಲು. ನಿನ್ನ ಜೊತೆ ಓಡಿ ಓಡಿ ಅಭ್ಯಾಸ ಆಗಿದ್ದ ನಾವೇ ಮುಂದೆ ಓಡಿಬಿಟ್ವಿ. ಎರಡು ದಿನ ಸ್ಟುಡಿಯೋದಲ್ಲಿ ಒದ್ದಾಡಿದ ಮೇಲೆ, ಪಾಪ, ಅವಳೇ ನಮ್ಮ ಹಿಂದೆ ಓಡಿದ್ಲು."

"ಇಷ್ಟು ವರ್ಷ ನಾನು ಓಡ್ತಿದ್ದೆ ಅಂತ ಒಬ್ಬರೂ ಹೇಳಲಿಲ್ವಲ್ಲೋ."

"ಹೇಳಿದ್ರೆ ಕೋಲು ಎಸೀತಿದ್ದೆ. ಈಗ ಅದು ನಿನ್ನ ಗುರುತು ಅಂತ ಹಾಡಲ್ಲಿ ಹಾಗೇ ಬಿಟ್ವಿ."

ಹಿರಿಯವನು ನಕ್ಕ.

"ಕೊನೇ ಹಾಡು ಪೂರ್ತಿ ಅವಳ ಲಯ, ಅಲ್ವಾ? ಅಲ್ಲಿ ನೀನು ಉಸಿರು ತಗೊಂಡು, ಮನಸಾರೆ ಹಾಡಿದ್ದೀಯ. ನನ್ನ ಜೊತೆ ಒಂದಿನಾನೂ ಹಾಗೆ ಹಾಡಿಲ್ಲ."

ಒಳಗಿಂದ ನರ್ಸ್ ಕರೆದಳು. ಹಿರಿಯವನು ಮೊಣಕಾಲು ಹಿಡಿದುಕೊಂಡು ಎದ್ದ.

"ಹಳೇದನ್ನ ಇನ್ನೊಂದ್ಸಲ ಮಾಡಿ. ಅವಳು ನಡೆಸಲಿ, ನೀವು ಕಾಯೋದು ಕಲೀರಿ. ಆಮೇಲೆ ಹೂಂ ಅಂತೀನಿ."

ಅವನು ಒಳಗೆ ಹೋದ. ಕಿರಿಯವನು ಫೋನು ಕಿವಿಗಿಟ್ಟುಕೊಂಡು ಹೊರಬಾಗಿಲ ಕಡೆ ನಡೆದ.

"ತಂಗೀ, ನಾಳೆ ಸ್ಟುಡಿಯೋಗೆ ಬಾ. ಈ ಸಲ ನಾವು ನಿನ್ನ ಹಿಂದೆ."