ಹಲಗೆ ಇಲ್ಲದ ವಾರ

...ಹೋದಳು ಕಣೇ ಗುಬ್ಬಿ, ಹೋದೇ ಹೋದಳು! ನಮ್ಮ ಮಹಾರಾಣಿ! ಇಷ್ಟು ವರ್ಷ ಈ ಲ್ಯಾಬನ್ನ ಆಳಿದೋಳು, ಇವತ್ತು ತನ್ನ ಕಾಫಿ ಲೋಟ ತಾನೇ ಎತ್ಕೊಂಡು ಮೆಟ್ಟಿಲು ಇಳಿದಳು. ಮುಖ ನೋಡಬೇಕಿತ್ತು, ಇಂಗು ತಿಂದ ಮಂಗನ ಹಾಗೆ! ...ನಗೋದಿಲ್ವಾ? ನಗೇ, ಇಲ್ಲಿ ಇನ್ಯಾರಿದ್ದಾರೆ? ಈ ಮೀನುಗಳನ್ನ ಬಿಟ್ರೆ ನಾವಿಬ್ಬರೇ.

ಬಾ, ಈ ತೊಟ್ಟಿ ನೋಡು. ಹಳದಿ ಪೈಲ್ವಾನನನ್ನ ಬಲೆ ಹಾಕಿ ತೆಗೆದುಬಿಟ್ಟೆ. ಅವನಿಗೆ ಹೆದರಿ ಆ ಮೂಲೇಲಿ ಬೂದಿ ಬಣ್ಣಕ್ಕೆ ತಿರುಗಿ ಇನ್ನೊಬ್ಬ ಕೂತಿದ್ದನಲ್ಲ, ಬಡಪಾಯಿ... ಈಗ ನೋಡು! ನಾನು ಕಾಫಿ ಕುಡಿದು ಬರೋದ್ರೊಳಗೆ ಮೈಯೆಲ್ಲ ಹಳದಿ! ಬರೀ ಬಣ್ಣ ಅಲ್ಲ ಕಣೇ, ಮೆದುಳೊಳಗೆ ಮಲಗಿದ್ದ ಜೀನೇ ಎದ್ದು ಕೂರುತ್ತೆ. ಯಾರೂ ಅವನಿಗೆ ಏನೂ ಕೊಟ್ಟಿಲ್ಲ. ತುಳಿಯೋನು ಎದುರಿಗಿಲ್ಲ, ಅಷ್ಟೇ. ...ನಾನೂ ಇವತ್ತು ಹಾಗೇ ಕಾಣ್ತಿಲ್ವಾ? ಹೇಳೇ!

ನೀನು ಮರೆತಿರಬಹುದು, ನಾನು ಮರೆತಿಲ್ಲ. ಪ್ರತಿ ಸೋಮವಾರ ಮೀಟಿಂಗ್‌ನಲ್ಲಿ ನನ್ನನ್ನ ಎಬ್ಬಿಸಿ ನಿಲ್ಲಿಸೋಳು. ಒಂದ್ಸಲ ಪೆನ್ನಲ್ಲಿ ನನ್ನ ತಲೆ ಕುಟ್ಟಿ, "ಮೀನಿನ ಮೆದುಳು ಕೊಯ್ದ್ರೆ ಏನಾದ್ರೂ ಸಿಗುತ್ತೆ, ಇವಳದ್ದು ಕೊಯ್ದ್ರೆ ಬರೀ ನೀರು" ಅಂದಳಲ್ಲ! ಎಲ್ಲರೂ ಬಿದ್ದು ಬಿದ್ದು ನಕ್ಕರು. ನೀನು ನಗಲಿಲ್ಲ. ನನ್ನ ಹಿಂದೆಯೇ ಬಾತ್‌ರೂಮಿಗೆ ಬಂದು ಕರ್ಚೀಫು ಕೊಟ್ಟೆ. ಅದೂ ನೆನಪಿದೆ. ನೆನಪಿಲ್ಲದೆ ಏನು...

ದಿನಾ ಸೋಲೋ ಮೀನಿನ ಮೆದುಳು ನಾನು ಕೊಯ್ದು ನೋಡಿಲ್ವಾ? ಒತ್ತಡದ ರಸ ಉಕ್ಕಿ ಉಕ್ಕಿ, ಮನಸ್ಸನ್ನ ಹದವಾಗಿ ಇಡೋ ರಸಾಯನಗಳೆಲ್ಲ ಏರುಪೇರು. ಕೆಲವು ಜೀನಂತೂ ಬಾಗಿಲು ಹಾಕ್ಕೊಂಡು ಕೂತುಬಿಡುತ್ತೆ. ಮಧ್ಯೆ ಗಾಜು ಇಟ್ರೂ ಸಾಲದು. ಗೆದ್ದೋನು ಮುಟ್ಟೋದೇ ಬೇಡ, ಗಾಜಿನಾಚೆಯಿಂದ ದಿಟ್ಟಿಸಿದ್ರೆ ಸಾಕು! ಅದಕ್ಕೇ ತಾನೇ ಸಂಜೆ ಆದ್ರೆ ಅರ್ಧ ತೊಟ್ಟಿಗಳಿಗೆ ಗಾಜಿನ ಪಕ್ಕ ಕಪ್ಪು ಹಲಗೆ ಇಳಿಸೋದು. ಎದುರಾಳಿ ಕಣ್ಮರೆ ಆದ್ರೆ ಸೋತ ಮೀನು ಚೇತರಿಸ್ಕೊಳ್ಳುತ್ತೆ... ಅದನ್ನ ತೋರಿಸೋದೇ ಮಹಾರಾಣಿಯ ಇಡೀ ಸಂಶೋಧನೆ. ಕೊನೇ ಪರೀಕ್ಷೆಯ ವಾರ, ಹಲಗೆಯೇ ಇಲ್ಲ! ಚೇತರಿಸ್ಕೊಳ್ಳಬೇಕಾದ ಮೀನುಗಳೂ ಕುಗ್ಗಿಹೋದವು. ತೊಟ್ಟಿಯೊಳಗಿನ ಕ್ಯಾಮೆರಾದಲ್ಲಿ ಬರೀ ಗಾಜು, ಇವಳು ಸಮಿತಿಗೆ ಕೊಟ್ಟ ವರದೀಲಿ ಮಾತ್ರ ದಿನಾ ಹಲಗೆ ಇಳಿಸಿದ್ದೀವಿ ಅಂತ! ಸಮಿತಿಯೋರು ಬಿಡ್ತಾರಾ? ನನ್ನ ಹೊಟ್ಟೆ ತಣ್ಣಗಾಯ್ತು ಕಣೇ. ಇಷ್ಟು ವರ್ಷಕ್ಕೆ ಇವತ್ತು ತಣ್ಣಗಾಯ್ತು.

...ಹೂಂ. ಗೊತ್ತು. ಹಲಗೆ ಇಳಿಸೋ ಕೆಲಸ ನಿನ್ನದು, ಅದಕ್ಕೆ ನಿನ್ನನ್ನೂ ತೆಗೆದರು. ಅದು... ಹಾಗಾಗುತ್ತೆ ಅಂತ ನಾನು ಅಂದ್ಕೊಂಡಿರಲಿಲ್ಲ. ಅವಳೊಬ್ಬಳೇ ಬೀಳ್ತಾಳೆ ಅಂತ... ಅಂದ್ರೆ, ಎಲ್ಲರೂ ಹಾಗೇ ಅಂದ್ಕೊಂಡಿದ್ರು. ನಾನೊಬ್ಬಳೇ ಅಲ್ಲ.

ಆ ಚೀಲ ಕೆಳಗಿಡೇ. ನಾನಿದ್ದೀನಲ್ಲ! ನಾಳೆಯಿಂದ ಮಹಾರಾಣಿಯ ರೂಮು ನನ್ನದು. ಈ ಗಲಾಟೆ ಸ್ವಲ್ಪ ತಣ್ಣಗಾಗಲಿ, ನಿನ್ನನ್ನ ವಾಪಸ್ ಕರೆಸ್ಕೋತೀನಿ. ನೀನು ಒಂದು ಮಾತು ಹೇಳಿಬಿಡು, ಮರೆತೆ ಅಂತ. ಅಮ್ಮ ಆಸ್ಪತ್ರೇಲಿದ್ದರು, ಆ ಗಡಿಬಿಡೀಲಿ ಮರೆತುಹೋಯ್ತು ಅಂತ. ಮನುಷ್ಯರು ಅಂದ್ಮೇಲೆ ಮರೀತಾರಪ್ಪ! ...ತಲೆ ಯಾಕೆ ಅಲ್ಲಾಡಿಸ್ತೀಯಾ?

ಏನೇ, ಹಾಗ್ಯಾಕೆ ನೋಡ್ತೀಯಾ? ಬೈಯೋದಿದ್ರೆ ಬೈದುಬಿಡು. ಬಾಯಿಗೆ ಬೀಗ ಹಾಕ್ಕೊಂಡು ಕೂರಬೇಡ! ಬೆಳಿಗ್ಗೆಯಿಂದ ಎಲ್ಲರೂ ಕೇಳ್ತಿದ್ದಾರೆ, ಹಲಗೆ ತೆಗೆದಿದ್ದು ಯಾರು, ಯಾರು ಅಂತ. ಸಮಿತಿಯೋರು ಕೇಳಿದ್ರು, ಮಹಾರಾಣಿ ಕೇಳಿದಳು, ಗೇಟಿನ ಕಾವಲುಗಾರ ಕೂಡ ಕೇಳಿದ. ನೀನೊಬ್ಬಳು ಕೇಳಲಿಲ್ಲ.

...ನೀನು ಯಾಕೆ ಕೇಳಲಿಲ್ಲ ಗುಬ್ಬಿ?

ಹೌದು, ಅಂದಿದ್ದೆ! "ನೀನು ಅಮ್ಮನ ಹತ್ರ ಹೋಗು, ಈ ವಾರ ಹಲಗೆ ನಾನು ನೋಡ್ಕೋತೀನಿ" ಅಂದಿದ್ದೆ! ಸಮಿತಿಯೆದುರು ಹೇಳಬಹುದಿತ್ತಲ್ಲ, ಯಾರು ಬೇಡ ಅಂದಿದ್ರು? ನಾನು ಮೇಜಿನ ಆಚೆ, ನಿನ್ನ ಎದುರಿಗೇ ಕೂತಿದ್ದೆ. ನೀನು ಒಂದ್ಸಲ ತಲೆಯೆತ್ತಿ ನನ್ನ ಕಡೆ ನೋಡಿದೆ. ನಾನು... ನಾನು ಒಂದು ಮಾತೂ ಆಡಲಿಲ್ಲ ಕಣೇ. ಸುಮ್ಮನೆ ದಿಟ್ಟಿಸಿದೆ, ಅಷ್ಟೇ. ನೀನು ತಲೆ ತಗ್ಗಿಸಿದೆ.

...ಈಗ್ಯಾಕೆ ತಗ್ಗಿಸ್ತಿಲ್ಲ?

ಲ್ಯಾಬಿನ ಬೀಗದ ಕೈ ಮೇಜಿನ ಮೇಲೆ ಯಾಕಿಡ್ತೀಯಾ? ಹೋಗ್ತೀಯಾ? ಹೀಗೇ, ಒಂದು ಮಾತೂ ಆಡದೆ? ಕೂಗಾಡೇ! ಕೆನ್ನೆಗಾದ್ರೂ ಬಾರಿಸು! ...ನೋಡಬೇಡ ಹಾಗೆ. ನೋಡಬೇಡ ಅಂದ್ನಲ್ಲ! ಹಲಗೆಗಳು... ನನ್ನ ಬೀರು ಹಿಂದಿವೆ. ಅಷ್ಟೂ ಅಲ್ಲೇ ಇವೆ. ಒಂದು ತಗೊಂಡು ಬಾ... ನಮ್ಮಿಬ್ಬರ ಮಧ್ಯೆ ಅಡ್ಡ ಇಡು. ಇಟ್ಟು, ಆಮೇಲೆ ಹೋಗು.