ಕೋಬಾಲ್ ಫ್ಲಾಪಿ ಕಾಣೆಯಾದ ಬಗ್ಗೆ ನಸೀರಾ ಎಲಿಗಾರ ಕೊಟ್ಟ ಹೇಳಿಕೆ

ನನ್ನ ಹೆಸರು ನಸೀರಾ, ತಂದೆಯ ಹೆಸರು ಖಾದರಸಾಬ ಎಲಿಗಾರ, ವಯಸ್ಸು 24, ಉದ್ಯೋಗ ಕಂಪ್ಯೂಟರ್ ಕಲಿಸುವುದು, ವಾಸ ಸವಣೂರು, ಧಾರವಾಡ ಜಿಲ್ಲೆ. ಶಿಗ್ಗಾಂವಿ ಠಾಣೆಯಲ್ಲಿ ಫೌಜದಾರ ಸಾಹೇಬರ ಎದುರು ಕುಳಿತು ನಾನಾಗಿ ಹೇಳಿ ಬರೆಯಿಸುವುದೇನೆಂದರೆ:

ಶಿಗ್ಗಾಂವಿಯಲ್ಲಿ ಗುತ್ತೆಪ್ಪ ಎಂಬುವರು ಟೈಪಿಂಗ್ ಕ್ಲಾಸ್ ನಡೆಸುತ್ತಾರೆ. ಕಳೆದ ಜೂನ್ ತಿಂಗಳಲ್ಲಿ ಅವರು ಒಂದು ಕಂಪ್ಯೂಟರ್ ತರಿಸಿದರು. ನಾನು ಹುಬ್ಬಳ್ಳಿಯಲ್ಲಿ ಕೋರ್ಸ್ ಮುಗಿಸಿದ್ದರಿಂದ ನನ್ನನ್ನು ಕಲಿಸಲು ಇಟ್ಟುಕೊಂಡರು. ದಿನವೂ ಸವಣೂರಿನಿಂದ ಬಸ್ಸಿನಲ್ಲಿ ಬಂದು ಹೋಗುತ್ತೇನೆ. ಕಲಿಯುವವರಲ್ಲಿ ನಾಲ್ವರು ಹುಡುಗಿಯರಿದ್ದಾರೆ. ಕಲಿಸುವವಳು ಹೆಣ್ಣುಮಗಳು ಎಂಬ ಒಂದೇ ಧೈರ್ಯದ ಮೇಲೆ ಅವರ ಮನೆಯವರು ಕಳಿಸುತ್ತಾರೆ.

ಕಂಪ್ಯೂಟರಿಗೆ ಕೆಲಸ ಹೇಳುವ ಭಾಷೆಗಳಲ್ಲಿ ಯಾವುದನ್ನು ಕಲಿಸಬೇಕು ಎಂಬ ಬಗ್ಗೆ ನನಗೂ ಗುತ್ತೆಪ್ಪನವರಿಗೂ ಮೊದಲಿನಿಂದ ತಕರಾರು. ಹುಬ್ಬಳ್ಳಿಯ ಕಂಪ್ಯೂಟರ್ ಕ್ಲಾಸುಗಳ ಬೋರ್ಡುಗಳ ಮೇಲೆಲ್ಲ ಕೋಬಾಲ್ ಎಂದೇ ಇರುತ್ತದೆ, ಆದ್ದರಿಂದ ಕೋಬಾಲ್ ಬೇಕು ಎಂಬುದು ಅವರ ಹಟ. ದೊಡ್ಡ ಆಫೀಸುಗಳ ಲೆಕ್ಕಕ್ಕೆ ಕೋಬಾಲ್ ಒಳ್ಳೆಯದೆಂದು ನಾನೂ ಒಪ್ಪುತ್ತೇನೆ. ಆದರೆ ಅದರಲ್ಲಿ ಎರಡು ಸಂಖ್ಯೆ ಕೂಡಿಸಬೇಕಾದರೂ ಮೊದಲು ಉದ್ದನೆಯ ಪೀಠಿಕೆ ಬರೆಯಬೇಕು. ಬೇಸಿಕ್ ಎಂಬ ಇನ್ನೊಂದು ಭಾಷೆಯಲ್ಲಿ ಒಂದು ಸಾಲು ಬರೆದರೆ ಉತ್ತರ ಕೂಡಲೇ ಕಣ್ಣೆದುರು ಬರುತ್ತದೆ, ಕಲಿಯುವವರ ಮುಖ ಅರಳುತ್ತದೆ. ಮೊದಲು ಬೇಸಿಕ್, ಆಮೇಲೆ ಕೋಬಾಲ್ ಎಂದು ಎಲ್ಲರ ಎದುರೇ ವಾದಿಸಿದ್ದೇನೆ. ನನ್ನದು ಜೋರು ಬಾಯಿ, ಅದನ್ನು ಅಲ್ಲಗಳೆಯುವುದಿಲ್ಲ.

ಕೋಬಾಲ್ ಇರುವುದು ಒಂದು ಫ್ಲಾಪಿಯಲ್ಲಿ. ಫ್ಲಾಪಿ ಎಂದರೆ ಅಂಗೈಗಿಂತ ತುಸು ದೊಡ್ಡದಾದ, ಬಾಗುವ ಕಪ್ಪು ಚೌಕ. ಮಾರಿದವರು ಅದಕ್ಕೆ ಬೀಗ ಹಾಕಿದ್ದಾರೆ. ಅಂದರೆ ಅದೇ ಫ್ಲಾಪಿ ಯಂತ್ರದಲ್ಲಿದ್ದರೆ ಮಾತ್ರ ಕೋಬಾಲ್ ನಡೆಯುತ್ತದೆ, ನಕಲು ತೆಗೆದರೆ ನಕಲು ನಡೆಯುವುದಿಲ್ಲ. ಕೆಟ್ಟರೆ ಗತಿಯೇನೆಂದು ನಾನು ಗುತ್ತೆಪ್ಪನವರ ಎದುರಿನಲ್ಲೇ ನಕಲು ತೆಗೆದು ನೋಡಿದ್ದೆ, ಆಗಲಿಲ್ಲ. ಇನ್ನೊಂದು ಕೊಡಿರೆಂದು ಮಾರಿದವರನ್ನು ಕೇಳಿದರೆ ನಮ್ಮನ್ನೇ ಕಳ್ಳರಂತೆ ನೋಡಿದರು.

ಈ ತಿಂಗಳ 18ರ ಸಂಜೆ, ಮರುದಿನ ಖಂಡೆ ಪೂಜೆ, ಅಂದರೆ ಆಯುಧ ಪೂಜೆ, ಇದ್ದುದರಿಂದ ಟೈಪ್ ಯಂತ್ರಗಳನ್ನು ಒರೆಸಿ, ಫ್ಲಾಪಿಯನ್ನು ಕಪಾಟಿನಲ್ಲಿಟ್ಟು, ಚಾವಿಯನ್ನು ಗುತ್ತೆಪ್ಪನವರಿಗೆ ಕೊಟ್ಟು ಹೋದೆನು. ಅವರ ಮನೆ ಕ್ಲಾಸಿನ ಹಿಂದೆಯೇ ಇದೆ. 19ರ ಬೆಳಿಗ್ಗೆ ಅವರು ಕಪಾಟು ತೆಗೆದಾಗ ಫ್ಲಾಪಿ ಇರಲಿಲ್ಲ. ಹಬ್ಬದ ದಿನ ಮನೆಯಲ್ಲಿ ಕಳವಿನ ಮಾತು ಬೇಡವೆಂದು ಹೆಂಡತಿ ಶಾರವ್ವನವರಿಗೆ ಏನನ್ನೂ ಹೇಳದೆ, ಪೂಜೆಗೆ ಅವಸರದಲ್ಲಿ ಕೈ ಮುಗಿದು, ನೇರವಾಗಿ ಠಾಣೆಗೆ ಬಂದರು. ಕೋಬಾಲ್ ಕಂಡರೆ ನಸೀರಾಳಿಗೆ ಆಗುವುದಿಲ್ಲ, ಮೊದಲೊಮ್ಮೆ ನಕಲು ಮಾಡಲು ನೋಡಿದ್ದಾಳೆ, ಆಕೆಯೇ ಒಯ್ದಿರಬೇಕು ಎಂದು ನನ್ನ ಹೆಸರು ಕೊಟ್ಟರು.

20ರಂದು ನನ್ನನ್ನು ಠಾಣೆಗೆ ಕರೆಸಿದರು. ಅಪ್ಪ ಜೊತೆಗೆ ಬಂದಿದ್ದರು. ಬಸ್ಸಿನಲ್ಲಿ ಅವರು ನನ್ನ ಪಕ್ಕದ ಸೀಟು ಬಿಟ್ಟು ಮುಂದೆ ಹೋಗಿ ಕುಳಿತರು. ಬೇರೆಯವರು ಬರೆದದ್ದನ್ನು ಕದಿಯುವುದು ತಪ್ಪಲ್ಲವೇ ಎಂದು ಸಾಹೇಬರು ಕೇಳಿದರು. ತಪ್ಪೇ, ಬರೆದವನ ದುಡಿಮೆಗೆ ಬೆಲೆ ಕೊಡಲೇಬೇಕು ಎಂದೆನು. ಆದರೆ ಈ ಬೀಗ ಕಳ್ಳನನ್ನು ತಡೆಯುವುದಕ್ಕಿಂತ ಕೊಂಡವನನ್ನೇ ಹೆಚ್ಚು ಕಾಡುತ್ತದೆ, ಇನ್ನೊಂದು ಪ್ರತಿ ಇದ್ದಿದ್ದರೆ ಯಾರೂ ಠಾಣೆ ಹತ್ತುತ್ತಿರಲಿಲ್ಲ ಎಂದೆನು. ಹೊರಗೆ ಬಂದಾಗ ನಾಗವ್ವ ಎಂಬುವರು ಸಿಕ್ಕರು. ಅವರ ಮಗಳು ನನ್ನ ಹತ್ತಿರ ಕಲಿಯುತ್ತಾಳೆ. "ಪೊಲೀಸ್ರು ಕರಸ್ಯಾರಂತ ಕೇಳಿದೆ. ಮಗಳ್ನ ಇನ್ನ ಕಳಸಂಗಿಲ್ಲವ್ವಾ, ತಪ್ಪ ತಿಳಕೋಬ್ಯಾಡ" ಎಂದರು. ಕೋಬಾಲ್‌ಗಾಗಿ ಅಳುವವಳಲ್ಲ ನಾನು. ಆ ಮಾತಿಗೆ ಅತ್ತೆನು.

ಇಂದು 21ರ ಬೆಳಿಗ್ಗೆ ಸಾಹೇಬರು ಕ್ಲಾಸಿಗೆ ಬಂದು ಕಪಾಟನ್ನು ನೋಡುತ್ತಿದ್ದರು. ಗುತ್ತೆಪ್ಪನವರೂ ನಾನೂ ಅಲ್ಲಿದ್ದೆವು, ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಅಷ್ಟರಲ್ಲಿ ಶಾರವ್ವನವರು ಹಿತ್ತಲ ಬಾಗಿಲಿನಿಂದ ತಾಟು ಹಿಡಿದು ಬಂದರು. ತಾಟಿನಲ್ಲಿ ಕುಡಗೋಲು, ಕತ್ತರಿ, ಅವುಗಳ ಪಕ್ಕದಲ್ಲಿ ಫ್ಲಾಪಿ ಇತ್ತು. ಅದಕ್ಕೆ ಅರಿಷಿಣ ಕುಂಕುಮ ಹಚ್ಚಿ ಚೆಂಡು ಹೂ ಏರಿಸಿದ್ದರು.

"ಇದು ನಿನ್ನ ಕೈಯಾಗ ಹೆಂಗ?" ಎಂದು ಗುತ್ತೆಪ್ಪನವರು ಕೇಳಿದರು.

"ಇದಿಲ್ಲಂದ್ರ ಮಶೀನ ಏಳಂಗಿಲ್ಲ ಅಂತ ನೀವ ಅಲ್ಲೇನ್ರಿ ಹೇಳಿದ್ದು? ಟೈಪ ಮಶೀನ ನನ್ನ ಕೈಲೆ ಎತ್ತಾಕ ಆಗಲಿಲ್ಲ. ಗೂಟದಾಗಿನ ಚಾವಿ ತಗೊಂಡು ಕಪಾಟ ತಗದು, ನಿಮ್ಮ ಖಂಡೆ ಅಂತ ಇದನ್ನ ಪೂಜಿಗಿಟ್ಟೆ. ಬನ್ನಿ ಮುಡಿಯೂತನ ಮುಟ್ಟಬಾರದಲ್ರಿ, ಈಗ ತಂದೇನಿ. ಮೊನ್ನೆ ನೀವೂ ಕೈ ಮುಗದೀರಿ" ಎಂದು ಶಾರವ್ವನವರು ಹೇಳಿದರು. ಹೂವಿನ ಕೆಳಗೆ ಏನಿತ್ತೆಂದು ತಾವು ನೋಡಲಿಲ್ಲವೆಂದು ಗುತ್ತೆಪ್ಪನವರು ಸಾಹೇಬರ ಎದುರು ಒಪ್ಪಿಕೊಂಡರು. ನನ್ನ ಎದೆಯ ಮೇಲಿನ ಕಲ್ಲು ಇಳಿಯಿತು. ನಗು ಬಂತು, ತಡೆಯಲು ಹೋಗಲಿಲ್ಲ. ಸಾಹೇಬರೂ ನಕ್ಕರು.

ಫ್ಲಾಪಿಯ ಒಳಗೆ ಅರಿಷಿಣ ಇಳಿದಿತ್ತು. ಯಂತ್ರಕ್ಕೆ ಹಾಕಿದಾಗ ಕರಕರ ಸದ್ದು ಮಾಡಿ ನಿಂತಿತು. ಗುತ್ತೆಪ್ಪನವರು ಅದನ್ನು ಹೊರತೆಗೆದು, ನನ್ನತ್ತ ತಿರುಗಿ, "ಬಾಯಾರ, ನಿಮ್ಮ ಬೇಸಿಕ್ಕ ಹಾಕ್ರಿ" ಎಂದರು. ಅದಕ್ಕೆ ಬೀಗವಿಲ್ಲ, ಪ್ರತಿಗಳಿವೆ. ಹಾಕಿದೆನು, ನಡೆಯಿತು.

ಗುತ್ತೆಪ್ಪನವರ ಮೇಲೆ ದೂರು ಕೊಡುತ್ತೀರಾ ಎಂದು ಸಾಹೇಬರು ಕೇಳಿದ್ದಾರೆ. ನನಗೆ ದೂರು ಬೇಡ, ಈ ಹೇಳಿಕೆಯ ನಕಲು ಬೇಕು ಎಂದು ಕೇಳಿಕೊಂಡಿದ್ದೇನೆ. ಸಾಹೇಬರು ಒಪ್ಪಿದ್ದಾರೆ. ಗುತ್ತೆಪ್ಪನವರು ಇದನ್ನು ತಮ್ಮ ಯಂತ್ರದಲ್ಲಿ ಕಾರ್ಬನ್ ಇಟ್ಟು ತಾವೇ ಟೈಪ್ ಮಾಡಿ, ನಾಲ್ವರು ಹುಡುಗಿಯರ ಮನೆಗೂ ತಾವೇ ಒಯ್ದು ಕೊಡುವುದಾಗಿ ಹೇಳಿದ್ದಾರೆ. ಮೊದಲು ನಾಗವ್ವನವರ ಮನೆಗೆ ಹೋಗಬೇಕೆಂದು ಹೇಳಿದ್ದೇನೆ. ಐದನೆಯ ಪ್ರತಿ ನನ್ನ ಅಪ್ಪನಿಗೆ.

ಬರೆದುಕೊಂಡದ್ದನ್ನು ನನಗೆ ಓದಿ ತೋರಿಸಿದರು. ನಾನು ಹೇಳಿದಂತೆಯೇ ಇದೆ, ಇದರಲ್ಲಿ ಸುಳ್ಳಿಲ್ಲ. ಎಷ್ಟು ಪ್ರತಿ ತೆಗೆದರೂ ನನ್ನ ಅಡ್ಡಿಯಿಲ್ಲ.

ಸ್ಥಳ: ಶಿಗ್ಗಾಂವಿ
ದಿನಾಂಕ: 21-10-1988
ಸಹಿ: ನಸೀರಾ ಖಾ. ಎಲಿಗಾರ